ಗುರುಸಿದ್ದಮ್ಮನ ಸಾಕ್ಷಿ

"ತಲೆ ವಾಲ್ತಾ ಐತೆ, ಗದ್ದ ಹಿಡ್ಕೊಳವ್ವ," ಎಂದು ಲಲಿತಮ್ಮ ಹೇಳಿದಾಗ ಅರುಣಾ ಅಮ್ಮನ ಗದ್ದಕ್ಕೆ ಅಂಗೈ ಕೊಟ್ಟು ಹಿಡಿದುಕೊಂಡಳು. ಪಕ್ಕದ ಮನೆಯ ಲಲಿತಮ್ಮ ಬಿಳಿ ಬಟ್ಟೆಯ ಪಟ್ಟಿಯನ್ನು ಗದ್ದದಡಿಯಿಂದ ಹಾಯಿಸಿ, ನೆತ್ತಿಯ ಮೇಲೆ ತಂದು, ಗೋಡೆಯ ಗೂಟಕ್ಕೆ ಬಿಗಿದಳು. ಗುರುಸಿದ್ದಮ್ಮ ಈಗ ನಡುಮನೆಯ ಗೋಡೆಗೆ ಒರಗಿ ನೆಟ್ಟಗೆ ಕೂತಂತಾಯಿತು. ಬದುಕಿದ್ದಾಗ ಇಷ್ಟು ಸುಮ್ಮನೆ ಕೂತವಳೇ ಅಲ್ಲ. ಹಿಂದಿನ ಸಂಜೆ ಅವರೆಕಾಯಿ ಬಿಡಿಸುತ್ತಿದ್ದವಳು, "ಯಾಕೋ ಎದೆ ಹಿಡ್ಕಂಡಂಗಾಗ್ತೈತೆ ಕಣೇ" ಎಂದು ಒಳಗೆ ಬಂದು ಮಲಗಿದ್ದಳು. ಅರುಣಾ ಆಟೋ ಕರೆಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬೆಳಿಗ್ಗೆಯಿಂದ ಜನ ಬರುತ್ತಿದ್ದರು, ಆದರೆ ನಿಲ್ಲುತ್ತಿರಲಿಲ್ಲ. ಬೀದಿಯ ಹೆಂಗಸರು ಹೊಸ್ತಿಲ ಬಳಿ ಕೈಮುಗಿದು, ಸೆರಗಿನಿಂದ ಕಣ್ಣೊರೆಸಿಕೊಂಡು, ಎದುರುಮನೆಯ ಕಡೆಗೊಮ್ಮೆ ನೋಡಿ ಹೊರಟುಬಿಡುತ್ತಿದ್ದರು. ಎದುರುಮನೆ ಅರುಣಾಳ ಚಿಕ್ಕಪ್ಪ ಇಂದುಧರನದು. ಹಾರನಹಳ್ಳಿಯ ದೊಡ್ಡ ತೆಂಗಿನ ತೋಟ ಅವನದೇ. ಆ ಮನೆಗೂ ಈ ಮನೆಗೂ ಮಾತು ನಿಂತು ಮೂವತ್ತು ವರ್ಷ. ಅವರ ಬಾಗಿಲು ಇವತ್ತೂ ಅರ್ಧ ಮುಚ್ಚಿತ್ತು.

ದ್ಯಾವಯ್ಯ ಬಂದಾಗ ಬಿಸಿಲು ಅಂಗಳಕ್ಕೆ ಇಳಿದಿತ್ತು. ಎಪ್ಪತ್ತು ದಾಟಿದ ಮುದುಕ, ಎಡಗಾಲು ಎಳೆದು ಹಾಕುತ್ತಾನೆ. ಅವನ ಹಿಂದೆ ಅವನ ಕೇರಿಯ ಹತ್ತಾರು ಜನ ಬಂದಿದ್ದರು. ಎಲ್ಲರೂ ಮೆಟ್ಟಿಲಿನಿಂದ ದೂರಕ್ಕೇ ನಿಂತರು. ದ್ಯಾವಯ್ಯ ಟವೆಲು ಕಂಕುಳಲ್ಲಿಟ್ಟುಕೊಂಡು ಬಾಗಿಲಿನ ಮೂಲಕ ನಡುಮನೆಯನ್ನು ನೋಡಿದ.

"ಈಗ ಎದ್ದು ಮಾತಾಡ್ಸ್ತಾರೇನೋ ಅನ್ನಂಗೆ ಕುಂತವ್ರಲ್ಲವ್ವ," ಎಂದ.

"ಒಳಗೆ ಬಂದು ನೋಡಿ," ಎಂದಳು ಅರುಣಾ.

"ಇರ್ಲಿ ಬಿಡವ್ವ. ಇಲ್ಲಿಂದ್ಲೇ ಕಾಣ್ತಾವ್ರೆ."

ಅಮ್ಮ ಕರೆದಾಗಲೂ ಅವನದು ಇದೇ ಉತ್ತರ. ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತ, "ಅವತ್ತು ಒಂದಿನ ಬಂದಿದ್ದೇ ಸಾಕಾಯ್ತಲ್ಲ ಅಮ್ಮೋರೆ" ಎಂದು ನಗುತ್ತಿದ್ದ. ಅಮ್ಮನೂ ನಗುತ್ತಿದ್ದಳು. ಆ ನಗು ಕೇಳಿದಾಗಲೆಲ್ಲ ಅರುಣಾ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಕುಲದ ಹಿರಿಯ ಮರುಳಪ್ಪ ಜಗುಲಿಯ ಮೇಲೆ ಕೂತಿದ್ದರು. "ಮಠದ ಅಯ್ನೋರಿಗೆ ಫೋನ್ ಮಾಡಿದೀನಿ, ಮಧ್ಯಾಹ್ನಕ್ಕೆ ಬತ್ತಾರೆ," ಎಂದರು. "ಮಣ್ಣು ಮಾಡೋದು ಎಲ್ಲಿ ಅಂತ ಹೇಳು. ಗುಂಡಿ ತೋಡಿಸ್ಬೇಕು."

"ಅಪ್ಪನ ಪಕ್ಕದಲ್ಲಿ ಮಾವ."

"ನಿಮ್ಮಪ್ಪನ ಗದ್ದಿಗೆ ಇಂದುಧರನ ಪಾಲಿಗೆ ಹೋದ ತೋಟದಲ್ಲಿ ಐತೆ. ಅವನ್ನ ಕೇಳ್ಬೇಕಾಗ್ತದೆ."

"ಕೇಳ್ತೀನಿ," ಎಂದಳು ಅರುಣಾ.

*

ಮೂವತ್ತು ವರ್ಷದ ಹಿಂದೆ ಅರುಣಾ ಅರಸೀಕೆರೆಗೆ ಬಸ್ಸಿನಲ್ಲಿ ಓಡಾಡಿಕೊಂಡು ಬಿ.ಕಾಂ. ಓದುತ್ತಿದ್ದಳು. ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಅಮ್ಮ ಮತ್ತು ಅಪ್ಪನ ತಾಯಿ ಇಬ್ಬರೇ. ಒಂದು ಮಧ್ಯಾಹ್ನ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಎತ್ತಲು ಅಮ್ಮನೊಬ್ಬಳ ಕೈಲಾಗಲಿಲ್ಲ. ಹಿತ್ತಿಲಲ್ಲಿ ಕಾಯಿ ಸುಲಿಯುತ್ತಿದ್ದ ದ್ಯಾವಯ್ಯನನ್ನು ಕೂಗಿದಳು. ಅವನು ಬಂದು ಹಿತ್ತಿಲ ಬಾಗಿಲಲ್ಲಿ ನಿಂತುಬಿಟ್ಟ. ಅವನ ಜಾತಿಯವರು ಯಾರೂ ಆ ಬಾಗಿಲು ದಾಟಿದ್ದಿಲ್ಲ. "ಬಾರೋ, ಮುದುಕಿ ಸಾಯ್ತಾಳೆ" ಎಂದು ಅಮ್ಮ ಗದರಿದ ಮೇಲೆ ಒಳಗೆ ಬಂದ. ಅಜ್ಜಿಯನ್ನು ಕೂಸಿನಂತೆ ಎತ್ತಿಕೊಂಡು, ಅಡುಗೆಮನೆ ದಾಟಿ, ದೇವರ ಕೋಣೆಯ ಮುಂದೆ ಹಾದು, ನಡುಮನೆಯ ಮಂಚದ ಮೇಲೆ ಮಲಗಿಸಿದ. ಅಂಥ ನೋವಿನಲ್ಲೂ ಅಜ್ಜಿ ಅವನಿಂದ ಆಣೆ ಹಾಕಿಸಿಕೊಂಡಳು: ಒಳಗೆ ಬಂದದ್ದನ್ನು, ತನ್ನನ್ನು ಮುಟ್ಟಿದ್ದನ್ನು ಯಾರಿಗೂ ಹೇಳಕೂಡದು.

ಅವನು ಹೂಂ ಎನ್ನುವಷ್ಟರಲ್ಲಿ ಬೀದಿಯಲ್ಲಿ ಬೆಂಕಿ, ಬೆಂಕಿ ಎಂಬ ಕೂಗೆದ್ದಿತು. ಇಂದುಧರ ನೋಡಿಕೊಳ್ಳುತ್ತಿದ್ದ ತೋಟದಲ್ಲಿ ಹುಲ್ಲಿನ ಬಣವೆ, ಪಕ್ಕದ ಕಾಯಿರಾಶಿ ಹೊತ್ತಿ ಉರಿಯುತ್ತಿದ್ದವು. ದ್ಯಾವಯ್ಯ ಹಿತ್ತಿಲಿನಿಂದ ಹೊರಬಿದ್ದು ಓಡಿದ.

ಅವನು ಓಡುತ್ತಿದ್ದುದನ್ನು ಇಂದುಧರ ಕಂಡಿದ್ದ. ಹಿಂದಿನ ವಾರವಷ್ಟೇ ದ್ಯಾವಯ್ಯ ತಮ್ಮ ಕೇರಿಗೂ ನಲ್ಲಿ ಹಾಕಿಸಿ ಎಂದು ಪಂಚಾಯಿತಿ ಸಭೆಯಲ್ಲಿ ಎದ್ದು ನಿಂತು ಕೇಳಿದ್ದ. ಇಂದುಧರ ಬೈದು ಕೂರಿಸಿದ್ದ. ಆ ಸಿಟ್ಟಿಗೇ ಬೆಂಕಿ ಇಟ್ಟ ಎಂದು ಊರು ತೀರ್ಮಾನಿಸಲು ಅಷ್ಟು ಸಾಕಾಯಿತು. ಎಲ್ಲಿದ್ದೆ ಎಂದು ಪೊಲೀಸರು ಎಷ್ಟು ಬಡಿದರೂ "ಹಿತ್ತಿಲಾಗಿದ್ದೆ ಸಾಮಿ" ಎಂಬುದರ ಹೊರತು ಅವನು ಬೇರೆ ಮಾತಾಡಲಿಲ್ಲ. ಹಿತ್ತಿಲಲ್ಲಿ ಅವನನ್ನು ಕಂಡವರು ಯಾರೂ ಇರಲಿಲ್ಲ.

ಸಾಕ್ಷಿ ಹೇಳಲು ಅಮ್ಮ ತಾನಾಗಿಯೇ ಹೊರಟಳು. ದ್ಯಾವಯ್ಯನ ವಕೀಲ ಎಳೆಯ ಹುಡುಗ, ಅಮ್ಮನಿಗೆ ಮೊದಲೇ ಹೇಳಿಕೊಟ್ಟಿದ್ದ: "ನಾನು ನೋಡುತ್ತಿದ್ದೆ, ಹಿತ್ತಿಲಲ್ಲೇ ಇದ್ದ ಅನ್ನಿ ಸಾಕು. ಅವನೂ ಉಳೀತಾನೆ, ನಿಮ್ಮ ಮಾನಾನೂ ಉಳಿಯುತ್ತೆ." ಅಮ್ಮ ಒಪ್ಪಿದ್ದಳು.

ಕೋರ್ಟಿನ ಹಿಂದಿನ ಬೆಂಚಿನಲ್ಲಿ ಅರುಣಾ ಕೂತಿದ್ದಳು. ಮುಂದೆ ಚಿಕ್ಕಪ್ಪ, ಅವನ ಸುತ್ತ ಊರಿನ ಗಂಡಸರು.

"ಬೆಂಕಿ ಅಂತ ಕೂಗಿದಾಗ ಇವನು ಎಲ್ಲಿದ್ದ?" ಎಂದು ಕೇಳಿದ ಹುಡುಗ ವಕೀಲ.

ಅಮ್ಮ ಕಟಕಟೆಯಲ್ಲಿದ್ದ ದ್ಯಾವಯ್ಯನ ಕಡೆ ನೋಡಿದಳು. ಅವನು ಬೇಡ ಎಂಬಂತೆ ಸಣ್ಣಗೆ ತಲೆಯಾಡಿಸಿದ.

"ನಮ್ಮನೆ ಒಳಗಿದ್ದ," ಎಂದಳು ಅಮ್ಮ.

"ಒಳಗೆ ಅಂದ್ರೆ, ಹಿತ್ತಿಲಲ್ಲಿ?"

"ನಡುಮನೇಲಿ. ಮಂಚದ ಹತ್ರ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸರ್ಕಾರಿ ವಕೀಲರು ಎದ್ದು ನಿಧಾನವಾಗಿ ಕೇಳಿದರು. "ಗಂಡಸಿಲ್ಲದ ಮನೆ. ಮಧ್ಯಾಹ್ನದ ಹೊತ್ತು. ನಿಮ್ಮಂಥವರ ನಡುಮನೆಗೆ ಇಂಥವನು ಯಾಕೆ ಬಂದ ತಾಯಿ?"

"ನಾನು ಕರೆದೆ, ಬಂದ. ಬಚ್ಚಲಲ್ಲಿ ಬಿದ್ದಿದ್ದ ನಮ್ಮತ್ತೇನ ಎತ್ಕೊಂಡು ಬಂದು ಮಲಗಿಸಿದ. ಅವರನ್ನೇ ಕೇಳಿ."

"ಕೇಳಿದ್ದೇವೆ. ಅವನು ನನ್ನನ್ನು ಮುಟ್ಟೇ ಇಲ್ಲ ಅಂದಿದ್ದಾರೆ."

"ಹಂಗಾದ್ರೆ ಸೊಂಟ ಮುರಿದೋರು ಬಚ್ಚಲಿಂದ ಮಂಚಕ್ಕೆ ತಾವೇ ನಡ್ಕೊಂಡು ಬಂದ್ರಾ?"

ಬರೆದುಕೊಳ್ಳುತ್ತಿದ್ದ ನ್ಯಾಯಾಧೀಶರು ತಲೆಯೆತ್ತಿ ಅಮ್ಮನನ್ನು ನೋಡಿದರು.

ದ್ಯಾವಯ್ಯ ಬಿಡುಗಡೆಯಾದ. ಅಮ್ಮ ಸಾಕ್ಷಿ ಹೇಳಿದ ಸಂಜೆಯೇ ಇಂದುಧರ ಅಜ್ಜಿಯನ್ನು ಮಂಚದ ಸಮೇತ ತನ್ನ ಮನೆಗೆ ಸಾಗಿಸಿದ. ಆಸ್ತಿ ಪಾಲಾಯಿತು. ತೋಟ ಅವನಿಗೆ, ರಸ್ತೆ ಬದಿಯ ರಾಗಿಹೊಲ ಅಮ್ಮನಿಗೆ. ಅರುಣಾಳಿಗೆ ನಿಶ್ಚಯವಾಗಿದ್ದ ತಿಪಟೂರಿನ ಗಂಡಿನವರು ಬೇರೆ ಕಡೆ ನೋಡಿಕೊಂಡೆವು ಎಂದು ಹೇಳಿಕಳಿಸಿದರು. ಆಮೇಲೆ ಬಂದ ಗಂಡುಗಳೂ ಊರ ಬಾಗಿಲಲ್ಲಿ ನಾಲ್ಕು ಮಾತು ಕೇಳಿಸಿಕೊಂಡು ಹಿಂದಕ್ಕೆ ಹೋದವು. ಅರುಣಾ ಅರಸೀಕೆರೆಯ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆಯಾದಳು. ಅಮ್ಮನೊಂದಿಗೆ ಇದೇ ಮನೆಯಲ್ಲಿ ಉಳಿದಳು.

*

ಅರುಣಾ ಚಿಕ್ಕಪ್ಪನ ಮನೆಯ ಮೆಟ್ಟಿಲು ಹತ್ತಿದಳು. ಇಂದುಧರ ಕುರ್ಚಿಯಲ್ಲಿ ಕೂತಿದ್ದ, ಪಕ್ಕದಲ್ಲಿ ಊರುಗೋಲು. ಅವನ ಹೆಂಡತಿ ಶಾಂತಾದೇವಿ ಒಳಬಾಗಿಲ ಮರೆಯಲ್ಲಿ ನೆಲಕ್ಕೆ ಕೂತಿದ್ದಳು. ಅವಳೂ ಗುರುಸಿದ್ದಮ್ಮನೂ ಒಂದೇ ಚಪ್ಪರದಡಿ ಈ ಮನೆತನಕ್ಕೆ ಸೊಸೆಯರಾಗಿ ಬಂದವರು.

"ಕೂತ್ಕೋ," ಎಂದ ಇಂದುಧರ. ಅರುಣಾ ನಿಂತೇ ವಿಷಯ ಹೇಳಿದಳು.

"ನೀನು ಬರ್ತೀಯ ಅಂತ ಗೊತ್ತಿತ್ತು. ಸತ್ತೋರ ಮೇಲೆ ನಂಗೆಂಥ ಸಿಟ್ಟು? ಅಣ್ಣನ ಪಕ್ಕದ ಜಾಗ ಹಂಗೇ ಬಿಟ್ಟಿದೀನಿ. ಒಂದು ಸಸಿ ಇಟ್ಟಿಲ್ಲ, ಹೋಗಿ ನೋಡು ಬೇಕಾದ್ರೆ. ಆಳು ಕಳಿಸ್ತೀನಿ, ಗುಂಡಿ ಆಗ್ಲಿ."

ಅರುಣಾ ಆಗ ಕೂತಳು. ಇಷ್ಟು ಮೃದುವಾದ ಮಾತನ್ನು ಅವಳು ನಿರೀಕ್ಷಿಸಿರಲಿಲ್ಲ.

"ಒಂದು ಮಾತು," ಎಂದ ಇಂದುಧರ. "ಅಂಗಳದಲ್ಲಿ ನಿಂತವ್ನಲ್ಲ ಅವನು, ಅವನ ಕಡೆಯೋರು. ಗುಂಡಿ ತೋಡೋಕೆ ಬರ್ಲಿ, ಬೇಡ ಅನ್ನಲ್ಲ. ತೋಡಿ ಆಚೆ ಹೋಗ್ಬೇಕು. ಹೆಣದ ಜೊತೆ ತೋಟದೊಳಕ್ಕೆ ಬಂದು, ನಮ್ಮ ಸಮಕ್ಕೆ ನಿಂತು ಮಣ್ಣು ಹಾಕೋದು ಬೇಡ."

"ಅವರು ಬಂದಿರೋದೇ ಅದಕ್ಕೆ ಚಿಕ್ಕಪ್ಪ."

"ಊರೆಲ್ಲ ನೋಡ್ತಿರ್ತದೆ ಕಣಮ್ಮ. ನನ್ನ ತೋಟದಲ್ಲಿ ನಾನೇ ನಿಂತು ಅವನ ಕೈಲಿ ಮಣ್ಣು ಹಾಕ್ಸಿದ್ರೆ, ಅವತ್ತು ನಾನು ಸುಳ್ಳು ಹೇಳಿದ್ದೆ ಅಂತ ಒಪ್ಕೊಂಡಂಗಾಗ್ತದೆ."

"ಸುಳ್ಳು ಹೇಳಿದ್ರಾ?"

"ಓಡ್ತಿದ್ದಿದ್ದು ನೋಡ್ದೆ. ಅಷ್ಟೇ ಹೇಳ್ದೆ."

"ದ್ಯಾವಯ್ಯನವರು ಬೆಂಕಿ ಕಡೆಗೆ ಓಡ್ತಿದ್ರಾ, ಬೆಂಕಿಯಿಂದ ಆಚೆಗೆ ಓಡ್ತಿದ್ರಾ?"

ಇಂದುಧರ ಕಿಟಕಿಯ ಕಡೆ ನೋಡಿದ. ಒಳಬಾಗಿಲಲ್ಲಿ ಶಾಂತಾದೇವಿ ಗೋಡೆ ಹಿಡಿದು ಏಳಲು ಹೋದಳು. "ನೀನು ಕೂತ್ಕೋ," ಎಂದ ಗಂಡ, ಅವಳ ಕಡೆ ತಿರುಗದೆ. ಅವಳು ಕೂತಳು.

*

ತಿಪಟೂರಿನವರು ಬೇಡವೆಂದು ಎಷ್ಟೋ ವರ್ಷಗಳಾದ ಮೇಲೆ, ಒಂದು ಭಾನುವಾರ, ರೊಟ್ಟಿ ತಟ್ಟುತ್ತಿದ್ದ ಅಮ್ಮನ ಎದುರು ಅರುಣಾ ನಿಂತು ಕೇಳಿದ್ದಳು. "ಹಿತ್ತಿಲು ಅಂದಿದ್ರೆ ನಿಂಗೇನು ಹೋಗ್ತಿತ್ತು? ಒಂದೇ ಒಂದು ಮಾತು. ಅವರೂ ಉಳೀತಿದ್ರು, ನಾನೂ ಉಳೀತಿದ್ದೆ."

ಅಮ್ಮ ಹೆಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು. "ಹಿತ್ತಿಲು ಅಂತ್ಲೇ ಹೇಳಣ ಅಂತ ಹೋಗಿದ್ದೆ ಕಣೇ. ಅಲ್ಲಿ ಅವನ ಕಾಲು ನೋಡ್ದೆ. ಊದ್ಕೊಂಡು, ನೆಲಕ್ಕೆ ಊರೋಕಾಗದೆ ನಿಂತಿದ್ದ. ಅಷ್ಟು ಹೊಡೆಸ್ಕೊಂಡ್ರೂ ಬಾಯಿ ಬಿಟ್ಟಿಲ್ಲ, ನಮ್ಮನೆ ಮಾನ ಕಾಯ್ತಾವ್ನೆ. ನಾನು ನೋಡಿದ್ರೆ ಸೀರೆ ನೆರಿಗೆ ಸರಿ ಮಾಡ್ಕೊಂಡು ನಿಂತಿದೀನಿ. ನಾಚ್ಕೆ ಆಯ್ತು."

"ನನ್ನ ನೆನಪು ಬರ್ಲಿಲ್ವಾ?"

"ಬಂತು. ನಿನ್ನ ನೆನೆಸ್ಕೊಂಡೇ ಹೇಳ್ದೆ."

ಅರುಣಾ ಆ ದಿನ ಊಟ ಮಾಡಲಿಲ್ಲ. ಆಮೇಲೆ ಎಷ್ಟೋ ದಿನ ಅಮ್ಮನ ಜೊತೆ ಬೇಕಾದಷ್ಟು ಮಾತ್ರ ಮಾತಾಡಿದಳು. ಅಮ್ಮ ಎಂದಿನಂತೆ ಡಬ್ಬಿ ಕಟ್ಟಿಕೊಟ್ಟು, ಬಸ್ಸು ಬರುವ ತನಕ ಬಾಗಿಲಲ್ಲಿ ನಿಂತಿರುತ್ತಿದ್ದಳು.

*

ಅರುಣಾ ಮನೆಗೆ ಬಂದು ಅಂಗಳದಲ್ಲಿದ್ದವರಿಗೆ ಚಿಕ್ಕಪ್ಪನ ಷರತ್ತು ಹೇಳಿದಳು. ಮೊದಲು ಬಾಯಿಬಿಟ್ಟವನು ದ್ಯಾವಯ್ಯ.

"ಒಪ್ಕಳವ್ವ. ಯಜಮಾನ್ರ ಪಕ್ಕ ಇರ್ಲಿ ಅಮ್ಮೋರು. ನಾವು ಬೇಲಿ ಆಚೆ ನಿಂತ್ಕಂಡು ಕೈಮುಗಿತೀವಿ. ನಮಗೇನು ಬೇಜಾರಿಲ್ಲ."

ಅವನು ಅದನ್ನು ಮನಸ್ಸಿನಿಂದಲೇ ಹೇಳುತ್ತಿದ್ದ. ಅದು ಅರುಣಾಳಿಗೆ ಗೊತ್ತಿತ್ತು. ಹೂಂ ಎಂದುಬಿಟ್ಟರೆ ಎಲ್ಲರಿಗೂ ನಿರಾಳ. ಅಪ್ಪನ ಗದ್ದಿಗೆಗೆ ಪ್ರತಿ ಅಮಾವಾಸ್ಯೆ ಅಮ್ಮ ಹೊರಗಿನ ಬೇಲಿಯಿಂದಲೇ ಕೈಮುಗಿದು ಬರುತ್ತಿದ್ದುದನ್ನೂ ಅವಳು ಕಂಡಿದ್ದಳು. ಅವಳು ನಡುಮನೆಯ ಕಡೆ ತಿರುಗಿ ನೋಡಿದಳು. ಅಮ್ಮನ ಹಣೆಯ ವಿಭೂತಿ ಒಣಗಿ ಬೆಳ್ಳಗಾಗಿತ್ತು.

"ಸಾಕು ದ್ಯಾವಯ್ಯನವರೇ," ಎಂದಳು ಅರುಣಾ. "ಒಂದು ಸಲ ನೀವು ಸುಮ್ಮನಿದ್ದು ಆಗಿದೆ." ಮರುಳಪ್ಪನ ಕಡೆ ತಿರುಗಿ, "ರಸ್ತೆ ಬದಿ ಹೊಲಕ್ಕೆ ಮಾವ. ಅದು ಅಮ್ಮಂದು," ಎಂದಳು.

"ಒಂಟಿಯಾಗ್ತಾಳಲ್ಲವ್ವ ಅಲ್ಲಿ."

"ಆಗ್ಲಿ."

ಮರುಳಪ್ಪ ಗಡ್ಡ ಕೆರೆದುಕೊಂಡರು. "ನಮ್ಮೋರು ಹೆಗಲು ಕೊಡಕ್ಕೆ ಬರಲ್ಲ, ಅದನ್ನೂ ಯೋಚ್ನೆ ಮಾಡು. ಅವನ ಮಾತು ಮೀರಿ ಯಾರು ಬತ್ತಾರೆ?"

"ನೀವು ಬರ್ತೀರಾ?"

ಅವರು ಎದುರುಮನೆಯ ಕಡೆಗೊಮ್ಮೆ ನೋಡಿದರು. ಆಮೇಲೆ ಜಗುಲಿಯಿಂದ ಇಳಿದು, ಚಪ್ಪಲಿ ಬಿಟ್ಟು, ಟವೆಲನ್ನು ಸುತ್ತಿ ಹೆಗಲ ಮೇಲೆ ಹಾಕಿಕೊಂಡರು. "ದ್ಯಾವಯ್ಯ, ನಿನ್ನ ಹುಡುಗ್ರಲ್ಲಿ ಗಟ್ಟಿ ಇರೋರು ಮೂರು ಜನ ಹೆಗಲಿಗೆ ಬರ್ಲಿ, ಉಳಿದೋರು ಹೋಗಿ ಗುಂಡಿ ತೋಡ್ಲಿ," ಎಂದರು. ಹೂವು ಕಟ್ಟುತ್ತಿದ್ದ ಲಲಿತಮ್ಮ ದಾರ ಹಲ್ಲಲ್ಲಿ ಕಡಿದಳು.

ಬಿದಿರು ಕಟ್ಟಿ ಹೂವು ಸುತ್ತಿದ, ಹೆಗಲ ಮೇಲೆ ಹೊತ್ತ ವಿಮಾನದಲ್ಲಿ ಕೂತ ಗುರುಸಿದ್ದಮ್ಮ ಬೀದಿಯಲ್ಲಿ ಹೋಗುವಾಗ ಕಿಟಕಿಗಳಲ್ಲಿ ಮುಖಗಳಿದ್ದವು. ಕೆಲವರು ಹೊರಬಂದು ಕೈಮುಗಿದರು. ಊರ ಹೊರಗೆ ಬರುವಷ್ಟರಲ್ಲಿ ಅವರಲ್ಲೂ ಒಂದಿಬ್ಬರು ಹಿಂದೆ ಸೇರಿಕೊಂಡಿದ್ದರು.

ಹೊಲದಲ್ಲಿ ರಾಗಿ ಕೊಯ್ದ ಕೂಳೆ ಉಳಿದಿತ್ತು. ಅಯ್ಯನವರು ಎಳೆಯ ಪ್ರಾಯದವರು. ಯಾರು ಎಲ್ಲಿ ನಿಂತಿದ್ದಾರೆಂದು ಗಮನಿಸದೆ ಮಂತ್ರ ಹೇಳಿ, ವಿಭೂತಿ, ಪತ್ರೆ ಹಾಕಿಸಿದರು. ಅರುಣಾ ಮೊದಲ ಹಿಡಿ ಮಣ್ಣು ಹಾಕಿದಳು. ಆಮೇಲೆ ದ್ಯಾವಯ್ಯನನ್ನು ಹೆಸರು ಹಿಡಿದು ಕರೆದಳು. ಅವನು ಬಂದು ಎರಡೂ ಕೈಯಲ್ಲಿ ಮಣ್ಣು ತೆಗೆದುಕೊಂಡು ಬಹಳ ಹೊತ್ತು ಹಿಡಿದುಕೊಂಡೇ ನಿಂತ. ಮರುಳಪ್ಪ, "ಹಾಕಪ್ಪ," ಎಂದ ಮೇಲೆ ಹಾಕಿದ. ಉಳಿದವರೂ ಒಬ್ಬೊಬ್ಬರಾಗಿ ಹಾಕಿದರು. ಗುದ್ದಲಿಗಳು ಶುರುವಾದವು.

ಗುಂಡಿ ಅರ್ಧ ತುಂಬಿರಬೇಕು. "ನಿಲ್ಲಿಸ್ರೋ," ಎಂದಳು ಲಲಿತಮ್ಮ.

ಊರ ಕಡೆಯಿಂದ ಡಾಂಬರು ರಸ್ತೆಯ ಮೇಲೆ ಶಾಂತಾದೇವಿ ಬರುತ್ತಿದ್ದಳು. ಬರಿಗಾಲು, ಜೊತೆಗೆ ಯಾರೂ ಇಲ್ಲ, ಸೆರಗಿನ ತುದಿಯಲ್ಲಿ ತೋಟದ ಗದ್ದಿಗೆಯ ಹಿಡಿ ಮಣ್ಣನ್ನು ಮುದುರಿ ಹಿಡಿದಿದ್ದಳು. ಅರಸೀಕೆರೆಗೆ ಹೋಗುವ ಬಸ್ಸು ಹಾರನ್ ಮಾಡುತ್ತ ಅವಳನ್ನು ದಾಟಿಹೋಯಿತು. ಅವಳು ಪಕ್ಕಕ್ಕೆ ಸರಿಯಲಿಲ್ಲ. ನಿಧಾನವಾಗಿ ಬಂದಳು. ಎಲ್ಲರೂ ಕಾದರು. ರಸ್ತೆಗೂ ಹೊಲಕ್ಕೂ ನಡುವೆ ಪೈಪು ಹಾಕಲು ತೋಡಿದ ಚರಂಡಿಯಿತ್ತು. ಅದರ ಅಂಚಿಗೆ ಬಂದು ಇಳಿಯಲಾರದೆ ನಿಂತಳು.

ಹತ್ತಿರದಲ್ಲಿದ್ದವನು ದ್ಯಾವಯ್ಯ. ಕಾಲೆಳೆದುಕೊಂಡು ಹೋಗಿ, ಚರಂಡಿಯ ಈಚೆ ನಿಂತು, ತನ್ನ ಕೈ ತಾಕದ ಹಾಗೆ ಗುದ್ದಲಿಯ ಕಾವನ್ನು ಅವಳ ಕಡೆ ಚಾಚಿದ.

ಶಾಂತಾದೇವಿ ಕಾವನ್ನು ನೋಡಿದಳು. ಅದನ್ನು ಬದಿಗೆ ಸರಿಸಿ, ಮುಂದಕ್ಕೆ ಬಾಗಿ, ಮಣ್ಣಾಗಿದ್ದ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಒಂದು ಕಾಲು ಕೆಳಗಿಟ್ಟಳು.