ಏರು ಬಂದಾಗ ಇಳಿದವರು

ನಾನೊಂದು ಸಣ್ಣ ಮೋಟಾರ್ ಸೈಕಲ್. ಎಂಬತ್ತು ಸಿಸಿ. ಹೊಗೆ ಜಾಸ್ತಿ, ಸದ್ದು ಅದಕ್ಕಿಂತ ಜಾಸ್ತಿ. ಆದರೆ ಇಬ್ಬರನ್ನು ಹೊರಲೆಂದೇ ನನ್ನನ್ನು ಮಾಡಿದ್ದು. ಕಾರ್ಖಾನೆಯಿಂದ ಹೊರಬಿಡುವ ಮುಂಚೆ ಹಿಂದಿನ ಸೀಟಿಗೆ ಮರಳಿನ ಮೂಟೆ ಕಟ್ಟಿ, ಒಬ್ಬ ದಡೂತಿ ಆಸಾಮಿ ಮುಂದೆ ಕೂತು, ಕಡಿದಾದ ಏರು ಹತ್ತಿಸಿ ನೋಡಿದ್ದರು. ಹತ್ತಿದ್ದೆ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನ ಮೇಲೆ ಬಂದದ್ದೆಲ್ಲ ಏರು ಹತ್ತುವುದಿಲ್ಲವೆಂಬ ಅಪವಾದವೇ.

ನನ್ನ ಮೊದಲ ಒಡೆಯರು ಮೈಸೂರಿನ ಟೈಪಿಸ್ಟ್ ಶ್ರೀಕಂಠಯ್ಯ. ಪ್ರತಿ ಶುಕ್ರವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುತ್ತಿದ್ದರು. ಆಕೆ ಒಂದೇ ಕಡೆ ಕಾಲು ಹಾಕಿ, ಮಡಿಲಲ್ಲಿ ಹಣ್ಣುಕಾಯಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದರು. ಒಂದು ದಿನವೂ ಅವರನ್ನು ದಾರಿಯಲ್ಲಿ ಇಳಿಸಲಿಲ್ಲ. ಶ್ರೀಕಂಠಯ್ಯನವರು ಸ್ಕೂಟರ್ ಕೊಂಡ ಮೇಲೆ ನನ್ನನ್ನು ಮಾಯಿಗಯ್ಯನವರಿಗೆ ಮಾರಿದರು.

ಮಾಯಿಗಯ್ಯನವರು ಹೋಬಳಿಯ ದನದ ಆಸ್ಪತ್ರೆಯಲ್ಲಿ ಅಟೆಂಡರ್. ಊರು ಅವರನ್ನು ‘ಮಾಯಿಗ’ ಎನ್ನುತ್ತಿತ್ತು. ನಾನು ಹಾಗೆನ್ನುವುದಿಲ್ಲ.

ಅವರ ಕೇರಿಗೆ ಬಂದ ಮೊದಲ ಮೋಟಾರ್ ಗಾಡಿ ನಾನೇ. ಬಂದ ದಿನ ಮುದುಕರು ಮುಟ್ಟಿ ನೋಡಿದರು, ಹೆಂಗಸರು ಹ್ಯಾಂಡಲ್ಲಿಗೆ ಕುಂಕುಮ ಹಚ್ಚಿದರು. ಮಾಯಿಗಯ್ಯನವರ ಮಗಳು ಜಯಶೀಲ ಆಗ ಐದನೇ ಕ್ಲಾಸು. ಅಪ್ಪನ ಬೆನ್ನಿಗೂ ತನಗೂ ನಡುವೆ ಸ್ಕೂಲ್ ಬ್ಯಾಗ್ ಸಿಕ್ಕಿಸಿ, ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಕೂತಳು. ಹೋಬಳಿಯ ಶಾಲೆಗೆ ದಿನಾ ಹಾಗೇ ಹೋಗುತ್ತಿದ್ದಳು. ಟಾರು ರಸ್ತೆ ಸಿಕ್ಕಿದ ಮೇಲೆ ಗೋಡೆಗಳ ಮೇಲಿನ ಜಾಹೀರಾತನ್ನೆಲ್ಲ ಗಟ್ಟಿಯಾಗಿ ಓದುತ್ತಾ ಬರುವಳು. ಹಲ್ಲುಪುಡಿ, ರಸಗೊಬ್ಬರ, ಕುಟುಂಬ ಯೋಜನೆ, ಯಾವುದನ್ನೂ ಬಿಡುತ್ತಿರಲಿಲ್ಲ. ಅವಳ ಓದು ಗಾಳಿಯಲ್ಲಿ ತುಂಡಾಗಿ ಹಿಂದೆ ಉದುರುತ್ತಿತ್ತು. ಅಂಥ ಬೆಳಗುಗಳು ನನ್ನ ಆಯುಷ್ಯದಲ್ಲಿ ಮತ್ತೆ ಬರಲಿಲ್ಲ.

ಆದರೆ ಟಾರು ರಸ್ತೆ ಸಿಗುವ ಮುಂಚೆ ಊರು ಸಿಗುತ್ತಿತ್ತು. ಊರು ದಿಬ್ಬದ ಮೇಲೆ. ಈ ಕಡೆ ತಗ್ಗಿನಲ್ಲಿ ಕೇರಿ, ಆ ಕಡೆ ರಸ್ತೆ. ದಿಬ್ಬದ ನೆತ್ತಿಯ ಮೇಲೆ ಹಾದುಹೋಗುವ ಬೀದಿ ಬಿಟ್ಟರೆ ಬೇರೆ ದಾರಿಯಿಲ್ಲ. ಮೊದಲ ದಿನವೇ ಏರಿನ ಬುಡದಲ್ಲಿ ಮಾಯಿಗಯ್ಯನವರು ನನ್ನನ್ನು ನಿಲ್ಲಿಸಿ ಎಂಜಿನ್ ಆರಿಸಿದರು.

“ಇಳ್ಕೊ ಸೀಲವ್ವ. ಏರು ಅದೆ. ಗಾಡಿ ಎಳಿಯಾಕಿಲ್ಲ.”

“ಚಪ್ಪಲಿ ಯಾಕಪ್ಪ ಬಿಚ್ತೀಯ?”

“ಜಾರ್ತದೆ ಕಣವ್ವ.”

ಚಪ್ಪಲಿಯನ್ನು ಹ್ಯಾಂಡಲ್ಲಿಗೆ ನೇತುಹಾಕಿ ನನ್ನನ್ನು ನೂಕಿದರು. ಜಗಲಿಗಳ ಮೇಲೆ ಕೂತವರು ನೋಡಿದರು. ಯಾರೂ ಏನೂ ಅನ್ನಲಿಲ್ಲ. ಸರಿಯಾಗಿ ನಡೆಯುತ್ತಿರುವುದಕ್ಕೆ ಯಾರು ಏನನ್ನುತ್ತಾರೆ? ದಿಬ್ಬದಾಚೆಯ ಇಳಿಜಾರಿನಲ್ಲೂ ನೂಕಿಕೊಂಡೇ ಹೋದರು. ಅದಕ್ಕೆ ಬ್ರೇಕು ಸರಿಯಿಲ್ಲ ಎಂಬ ನೆಪ. ನನ್ನ ಬ್ರೇಕು ಸರಿಯಾಗಿಯೇ ಇತ್ತು.

ಹುಡುಗಿ ಅಪ್ಪನ ಮಾತು ನಂಬಿದಳು. ನನ್ನ ಸೀಟಿನ ಹಿಂಬದಿಗೆ ಎರಡೂ ಅಂಗೈ ಒತ್ತಿ ತಾನೂ ನೂಕುತ್ತಿದ್ದಳು. “ಸೋಂಬೇರಿ ಕುಂಟ, ನಡಿ” ಎನ್ನುವಳು. ಕುಂಟ ಎಂಬುದೇ ನನ್ನ ಹೆಸರಾಯಿತು. ಬೆಟ್ಟ ಹತ್ತಿದ ಗಾಡಿ ನಾನು. ಬಾಯಿದ್ದಿದ್ದರೆ ಹೇಳುತ್ತಿದ್ದೆ. ಬಾಯಿದ್ದವರೇ ಸುಮ್ಮನಿದ್ದರು.

ಆ ಮಗು ತಾನೇ ಒಂದು ಪರಿಹಾರ ಹುಡುಕಿತು. ಬ್ಯಾಗಿನಿಂದ ಅರ್ಧ ಪುಸ್ತಕ ತೆಗೆದು ಶಾಲೆಯಲ್ಲೇ ಇಟ್ಟು ಬಂದಳು. ಆಮೇಲೆ ಮುದ್ದೆಯಲ್ಲಿ ಅರ್ಧ ಮುರಿದು ತಟ್ಟೆಯ ಅಂಚಿಗೆ ತಳ್ಳತೊಡಗಿದಳು. ನಾನು ಬಾಗಿಲ ಪಕ್ಕದಲ್ಲೇ ನಿಲ್ಲುತ್ತಿದ್ದುದರಿಂದ ಎಲ್ಲ ಕಾಣುತ್ತಿತ್ತು. ತಿಂಗಳಾದ ಮೇಲೆ ಅವ್ವ ಚಿಕ್ಕತಾಯಮ್ಮ ಗದರಿದಳು:

“ಯಾಕಮ್ಮಿ, ಕಡ್ಡಿಯಂಗೆ ಆಗಿದ್ದೀಯ. ಉಣ್ಣಕೇನು ಬ್ಯಾನೆ?”

“ನಾ ಸಣ್ಣಗಾದ್ರೆ ಕುಂಟ ಏರು ಎಳೀತದೆ ಕಣವ್ವ. ಅಪ್ಪ ನೂಕದು ತಪ್ತದೆ.”

ಚಿಕ್ಕತಾಯಮ್ಮ ಒಲೆಯ ಕಡೆ ಮುಖ ತಿರುಗಿಸಿದಳು. ಮಾಯಿಗಯ್ಯನವರ ಕೈ ತಟ್ಟೆಯಲ್ಲೇ ನಿಂತಿತು. ಹೇಳಬಹುದಾಗಿದ್ದ ಗಳಿಗೆ ಅದು. “ಉಣ್ಣವ್ವ, ಗಾಡಿ ರಿಪೇರಿ ಮಾಡುಸ್ತೀನಿ” ಎಂದರಷ್ಟೆ.

ಮಳೆಗಾಲದ ಒಂದು ಶನಿವಾರ ದೊಡ್ಡಮನೆಯ ಎಮ್ಮೆಗೆ ಹೆರಿಗೆ ಕಷ್ಟವಾಯಿತು. ಆಸ್ಪತ್ರೆಯ ಜೀಪು ಕೆಟ್ಟಿತ್ತು. ಡಾಕ್ಟರ್ ಗುರುಮಲ್ಲಪ್ಪ ತೊಂಬತ್ತು ಕಿಲೋ ತೂಕದವರು. ಔಷಧಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ನನ್ನ ಹಿಂದಿನ ಸೀಟಿನಲ್ಲಿ ಕೂತರು. ಏರಿನ ಬುಡ ಬಂದಾಗ ಅಭ್ಯಾಸಬಲದಿಂದ ಮಾಯಿಗಯ್ಯನವರು ನಿಲ್ಲಿಸಿದರು.

“ಯಾಕ್ರೀ ನಿಂತ್ರಿ? ಕರು ಸತ್ತೋಗುತ್ತೆ, ನಡೀರಿ.”

ಮಾಯಿಗಯ್ಯನವರು ಒಂದು ಕ್ಷಣ ಬೀದಿಯನ್ನು ನೋಡಿದರು. ಫಸ್ಟ್ ಗೇರ್ ಹಾಕಿದರು. ನಾನು ಇಬ್ಬರನ್ನೂ ಹೊತ್ತು, ಒಮ್ಮೆಯೂ ಮುಗ್ಗರಿಸದೆ ದಿಬ್ಬದ ನೆತ್ತಿಗೆ ಹತ್ತಿದೆ. ಮಾಯಿಗಯ್ಯನವರ ಚಪ್ಪಲಿ ಕಾಲಲ್ಲೇ ಇತ್ತು. ದೊಡ್ಡಮನೆಯ ಯಜಮಾನರು ಬಾಗಿಲಲ್ಲಿ ನಿಂತು ಡಾಕ್ಟರಿಗೆ ಕೈಮುಗಿದರು. ಎಮ್ಮೆಯ ಗರ್ಭಕ್ಕೆ ಮೊಳಕೈವರೆಗೆ ತೋಳು ಹಾಕಿ ಕರುವನ್ನು ಎಳೆದದ್ದು ಮಾಯಿಗಯ್ಯನವರು. ಆ ಕೈ ಆ ದಿನ ಮೈಲಿಗೆಯಾಗಿರಲಿಲ್ಲ.

ಶನಿವಾರ ಶಾಲೆ ಬೇಗ ಬಿಟ್ಟಿತ್ತು. ಏರಿನ ಪಕ್ಕದಲ್ಲಿ ಬ್ಯಾಗ್ ಹೊತ್ತು ಜಯಶೀಲ ನಿಂತಿದ್ದನ್ನು ಕನ್ನಡಿಯಲ್ಲಿ ಕಂಡಿದ್ದೆ.

ಸಂಜೆ ಅವಳು ಒಂದೇ ಮಾತು ಕೇಳಿದಳು.

“ಅಪ್ಪ, ನಾನು ಡಾಕ್ಟ್ರಿಗಿಂತ ಭಾರನಾ?”

ಮಾಯಿಗಯ್ಯನವರು ಎದ್ದು ಹೊರಗೆ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಟ್ಟೆ ತಗೊಂಡು ಸುಮ್ಮನೆ ಟ್ಯಾಂಕು ಒರೆಸತೊಡಗಿದರು. ಉತ್ತರ ಕೊಟ್ಟವಳು ಚಿಕ್ಕತಾಯಮ್ಮ. ಮಾಯಿಗಯ್ಯನವರ ತಮ್ಮ ಹಿಂದೊಮ್ಮೆ ಸೈಕಲ್ ಮೇಲೆ ಕೂತೇ ಆ ಬೀದಿ ದಾಟಿದ್ದ. ಸೈಕಲ್ಲು ಕೆರೆ ಸೇರಿತು. ಅವನ ಕಾಲು ಮತ್ತೆ ನೆಟ್ಟಗಾಗಲಿಲ್ಲ.

ಮರುವಾರ ಏರಿನ ಬುಡದಲ್ಲಿ ಹುಡುಗಿ ಹೇಳಿಸಿಕೊಳ್ಳದೆ ಇಳಿದಳು. ನೂಕಲಿಲ್ಲ. ಬೀದಿಯ ನಟ್ಟನಡುವೆ ಮುಂದೆ ಮುಂದೆ ನಡೆದುಹೋದಳು. ಟಾರು ರಸ್ತೆಯಲ್ಲಿ ಅಪ್ಪ ಕರೆದರೂ ಹತ್ತಲಿಲ್ಲ. ಅಂದಿನಿಂದ ನಡೆದೇ ಹೋದಳು. ನನ್ನನ್ನು ಮತ್ತೆ ಕುಂಟ ಎಂದು ಕರೆಯಲಿಲ್ಲ. ಬೈಗುಳ ನಿಂತದ್ದಕ್ಕೆ ಸಂತೋಷಪಡಬೇಕಾಗಿತ್ತು. ಆಗಲಿಲ್ಲ. ಹಿಂದಿನ ಸೀಟು ಖಾಲಿಯಾಗಿ ನಾನು ರಸ್ತೆಯಲ್ಲಿ ಅತ್ತಿತ್ತ ಅಲ್ಲಾಡುತ್ತಿದ್ದೆ.

ಹೈಸ್ಕೂಲಿಗೆ ಮೈಸೂರಿನ ಹಾಸ್ಟೆಲ್ ಸೇರಿದಳು. ರಜೆಯಲ್ಲಿ ಬರುವಾಗ ಪುಸ್ತಕಗಳನ್ನು ತರುತ್ತಿದ್ದಳು. ಕೇರಿಯವರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದಳು, ಗೋಡೆಯ ಜಾಹೀರಾತು ಓದುತ್ತಿದ್ದ ಅದೇ ದನಿಯಲ್ಲಿ. ಕೊನೆಗೆ ಹೋಬಳಿಯ ಅದೇ ಶಾಲೆಗೆ ಮೇಡಂ ಆಗಿ ಬಂದಳು. ಅಪ್ಪನಿಂದ ಗಾಡಿ ಓಡಿಸುವುದನ್ನು ಕಲಿತದ್ದೂ ಆಗಲೇ. ಮಾಯಿಗಯ್ಯನವರು ಮಾತ್ರ ಅಷ್ಟೂ ವರ್ಷ ಒಬ್ಬರೇ ಆ ಏರಿನಲ್ಲಿ ನನ್ನನ್ನು ನೂಕಿದರು.

ಅವರು ನಿವೃತ್ತರಾದ ಸಂಜೆ ಆಸ್ಪತ್ರೆಯವರು ಶಾಲು ಹೊದಿಸಿ ಸೇವಂತಿಗೆ ಹಾರ ಹಾಕಿದರು. ಕರೆದೊಯ್ಯಲು ಬಂದ ಮಗಳು ನನ್ನ ಬೀಗದಕೈ ಕೇಳಿ ತಗೊಂಡಳು.

“ಹಿಂದೆ ಕೂತ್ಕೊ ಅಪ್ಪ. ಇವತ್ತು ನಾನು ಬಿಡ್ತೀನಿ.”

ಏರು ಹತ್ತಿರವಾಯಿತು. ಹಿಂದೆ ಏನೋ ಕದಲಿತು. ಮಾಯಿಗಯ್ಯನವರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. ಇನ್ನೊಂದು ಕೈಯಿಂದ ಮಗಳ ಭುಜ ತಟ್ಟಿದರು.

“ನಿಲ್ಸು ಸೀಲವ್ವ. ಎಳಿಯಾಕಿಲ್ಲ.”

“ಎಳೀತದೆ. ಗಟ್ಟಿಯಾಗಿ ಹಿಡ್ಕೊ.”

ಎಂಜಿನ್ ಮುದಿಯಾಗಿತ್ತು. ಚೈನು ಸಡಿಲವಾಗಿತ್ತು. ಅವಳು ಫಸ್ಟ್ ಗೇರ್ ಹಾಕಿದಳು. ನನಗಿದ್ದ ಉಸಿರನ್ನೆಲ್ಲ ಒಟ್ಟು ಮಾಡಿದೆ. ಆ ಏರಿನಲ್ಲಿ ಕೆಟ್ಟು ನಿಂತರೆ ಈ ಜನ್ಮದ ಅಪವಾದ ನಿಜವಾಗಿಬಿಡುತ್ತಿತ್ತು. ಒದರುತ್ತಾ, ಹೊಗೆ ಕಾರುತ್ತಾ ಹತ್ತಿದೆ.

“ಯಾವನ್ಲಾ ಅದು, ಇಳೀದೆ ಹೋಗ್ತಿರೋನು?” ದೊಡ್ಡಮನೆಯ ಜಗಲಿಯಿಂದ ದನಿ ಬಂತು.

“ಮಾಯಿಗಯ್ಯನವರು,” ಎಂದಳು ಜಯಶೀಲ, ವೇಗ ಕಡಿಮೆ ಮಾಡದೆ. “ಇವತ್ತು ರಿಟೈರ್ ಆದ್ರು.”

ಜಗಲಿಯ ಮೇಲೆ ಒಬ್ಬರು ಎದ್ದು ನಿಂತರು. ಇನ್ನಿಬ್ಬರು ಎದ್ದರು. ಬೀದಿಗೆ ಯಾರೂ ಇಳಿಯಲಿಲ್ಲ.

ಕೇರಿಯ ಕಡೆ ಇಳಿಯುವಾಗ ಮಾಯಿಗಯ್ಯನವರು ಚಪ್ಪಲಿಗಳನ್ನು ಒಂದೊಂದಾಗಿ ಮತ್ತೆ ಕಾಲಿಗೆ ಹಾಕಿಕೊಂಡು ಪಾದಗಳನ್ನು ಫುಟ್‌ರೆಸ್ಟ್ ಮೇಲಿಟ್ಟರು.

“ಎಳೀತಲ್ಲವ್ವ,” ಎಂದರು.

“ಮೊದ್ಲಿಂದ್ಲೂ ಎಳೀತಿತ್ತು.”

ಅವರು ಮಗಳ ಬೆನ್ನಿಗೆ ಹಣೆ ತಾಗಿಸಿ ಕೂತರು. ಹಾರ ನಡುವೆ ನಲುಗಿತು.

ಈಗ ನಾನು ಕೇರಿಯ ವಾಚನಾಲಯದ ಹಿಂದೆ ನಿಂತಿದ್ದೇನೆ. ಟ್ಯಾಂಕು ತುಕ್ಕು ಹಿಡಿದಿದೆ, ಸೀಟಿನ ಕೆಳಗೆ ಕೋಳಿಯೊಂದು ಮೊಟ್ಟೆಯಿಡುತ್ತದೆ. ಒಳಗಿನಿಂದ ಯಾರೋ ಗಟ್ಟಿಯಾಗಿ ಓದುವುದು ಕೇಳಿಸುತ್ತದೆ. ಬಂದು ಹೋಗುವವರಲ್ಲಿ ಕೆಲವರು, ಅದೆಲ್ಲ ಹಳೇ ಕಾಲದ್ದು ಬಿಡಿ, ಈಗ ಯಾರು ಹಾಗೆ ನಡೆಸಿಕೊಳ್ಳುತ್ತಾರೆ ಎನ್ನುತ್ತಾರೆ. ಅಂಥವರು ಒಂದು ಗಳಿಗೆ ನನ್ನ ಹಿಂದೆ ಬಂದು ನಿಲ್ಲಲಿ. ಸೀಟಿನ ಹಿಂಬದಿಯ ರೆಕ್ಸಿನ್ ಎರಡು ಕಡೆ ಬಣ್ಣ ಹೋಗಿ ಸವೆದಿದೆ. ನಿಮ್ಮ ಅಂಗೈ ಇಟ್ಟು ನೋಡಿ. ದೊಡ್ಡವರ ಕೈಗೆ ಆ ಗುರುತು ಸಾಲುವುದಿಲ್ಲ.