ಗೋಧಿಬಣ್ಣದ ಜಾಕ್ ಜಾನ್ಸನ್

ಜಾಕ್ ಜಾನ್ಸನ್‌ನ ಮೈಬಣ್ಣವನ್ನು ನೌಪಾಡಾದ ಒಂದು ಸ್ಟುಡಿಯೋದಲ್ಲಿ ಬೆಳ್ಳಗೆ ಮಾಡಲಾಯಿತು. ಅದೇ ದಿನ, ಅದೇ ಕಂಪ್ಯೂಟರಿನಲ್ಲಿ, ಅನುಷ್ಕಾಳ ಹುಬ್ಬಿನ ಗಾಯವನ್ನೂ ಅಳಿಸಲಾಯಿತು.

ಚಿತ್ರಗಳು ನೆರೂಳಿನ ಕನ್ನಡ ಸಂಘದ ಹಾಲ್‌ಗೆ ಬಂದಾಗ ಕಟ್ಟು ಬಿಚ್ಚಿದವಳು ಅನುಷ್ಕಾಳ ತಾಯಿ ಪ್ರಫುಲ್ಲಾ. ಲಂಡನ್ ಒಲಿಂಪಿಕ್ಸ್ ಮುಗಿದ ವರ್ಷ. ಮೇರಿ ಕೋಮ್ ಪದಕ ತಂದದ್ದೇ ತಡ, ಬಾಕ್ಸಿಂಗ್ ಚರಿತ್ರೆಯನ್ನು ಚಿತ್ರಗಳಲ್ಲಿ ತೋರಿಸುವ ಹುಮ್ಮಸ್ಸು ಸಂಘಕ್ಕೂ ಬಂದಿತ್ತು. ಚಿತ್ರ ಹುಡುಕಿ ಅಡಿಬರಹ ಬರೆದವಳು ಕಾಲೇಜಿನ ಬಾಕ್ಸರ್ ಅನುಷ್ಕಾ. ಕೊನೆಯ ಚೌಕಟ್ಟು ಅವಳದೇ.

ಟಿವಿಯಲ್ಲಿ ಬಾಕ್ಸಿಂಗ್ ಬಂದರೆ ಚಾನೆಲ್ ಬದಲಿಸುತ್ತಿದ್ದ ಪ್ರಫುಲ್ಲಾ ಈಗ ಒಂದೊಂದು ಚಿತ್ರದ ಮುಂದೂ ಕೂತುಬಿಟ್ಟಳು. ಗ್ರೀಕ್ ಮಡಕೆಯ ಮೇಲೆ ಕೈಗೆ ತೊಗಲು ಸುತ್ತಿಕೊಂಡು ಗುದ್ದಾಡುವವರು. ಗ್ಲೌಸಿಲ್ಲದೆ ಬರಿಮುಷ್ಟಿಯಲ್ಲೇ ಗುದ್ದಾಡಿದ ಮೀಸೆ ದೊರೆಗಳು.

"ಇವರ ಬೆರಳು ಮುರೀತಿರ್ಲಿಲ್ವಾ?"

"ಮುರೀತಿತ್ತು ಮಮ್ಮಿ. ಫಿರ್ ಭೀ ಲಡ್‌ತೇ ಥೇ, ಮುರಿದ ಬೆರಳಲ್ಲೇ."

ಮುಂದಿನದು ಜಾನ್ಸನ್. '೧೯೦೮, ಸಿಡ್ನಿ. ಹೆವಿವೇಟ್ ವಿಶ್ವ ಚಾಂಪಿಯನ್ ಆದ ಮೊದಲ ಕಪ್ಪು ಮನುಷ್ಯ' ಎಂದಿತ್ತು ಅಡಿಬರಹ. ಮೇಲಿದ್ದವನು ಬ್ಯಾಂಕ್ ಕೆಲಸದ ಮದುಮಗನ ಹಾಗೆ ಗೋಧಿಬಣ್ಣ. ಮಹಮ್ಮದ್ ಅಲಿಯೂ ಅಷ್ಟೇ.

"ಅನು, ಕಪ್ಪು ಅಂತ ಬರ್ದಿದ್ದೀ. ಎಲ್ಲಿ ಕಪ್ಪು?"

ಅನುಷ್ಕಾ ಬಗ್ಗಿ ನೋಡಿದಳು. "ಯೇ ಕಿಸ್‌ನೇ ಕಿಯಾ? ಯಾರು ಮಾಡಿದ್ದು ಇದು?"

ಕುರ್ಚಿ ಜೋಡಿಸುತ್ತಿದ್ದ ಕಾರ್ಯದರ್ಶಿ ವಸಂತಕುಮಾರ ನಗುತ್ತ ಬಂದ. ಚಿತ್ರಪ್ರದರ್ಶನದ ದಿನವೇ ಸಂಘದ ವಧೂವರರ ಸಮಾವೇಶವೂ ಇತ್ತು. ಅವರ ಫೋಟೋಗಳ ಜತೆಗೇ ಬಾಕ್ಸರುಗಳನ್ನೂ ಸ್ಟುಡಿಯೋಗೆ ಕಳಿಸಿದ್ದ.

"ಎಂದಿನ ಹಾಗೆ ಮಾಡಿ ಅಂದಿದ್ದೆ ಮಾರಾಯ್ರೆ. ನಮ್ಮ ಮಕ್ಕಳನ್ನೆಲ್ಲ ಬೆಳ್ಳಗೆ ಮಾಡುವವ, ಇವರನ್ನೂ ಮಾಡಿದ್ದಾನೆ."

"ಇವರಿಗೂ ಹೆಣ್ಣು ನೋಡ್ಲಿಕ್ಕುಂಟಾ?"

"ತಮಾಷೆ ಬಿಡಿ ಪ್ರಫುಲ್ಲಕ್ಕ. ಮಗಳದ್ದು ನೋಡಿ, ಎಷ್ಟು ಚಂದ ಬಂದಿದೆ. ಸಮಾವೇಶದ ಆಲ್ಬಮ್ಮಿಗೂ ಒಂದು ಕಾಪಿ ಹಾಕುವ."

ಠಾಣೆ ಊರಿನ ಪಂದ್ಯದಲ್ಲಿ ಗೆದ್ದ ಮರುಕ್ಷಣ ತೆಗೆದ ಚಿತ್ರ. ಬೆವರಿಲ್ಲ, ಸೀಳಿದ ಹುಬ್ಬಿಲ್ಲ, ಕೆನ್ನೆಯಲ್ಲಿ ಗುಲಾಬಿ. ಒಂದು ಗಳಿಗೆ ಪ್ರಫುಲ್ಲಾಳಿಗೂ ಚಂದವೇ ಕಂಡಿತು. ಈ ಮುಖಕ್ಕೆ ಸಂಬಂಧಗಳು ತಾವಾಗಿ ಬಂದಾವು.

"ಹೀಗಿದ್ರೆ ನಾನು ಪೆಟ್ಟೇ ತಿಂದಿಲ್ಲ," ಅನುಷ್ಕಾ ಮೆಲ್ಲಗೆ ಅಂದಳು. "ಮತ್ತೆ ಗೆದ್ದದ್ದು ಯಾರು?"

ಪ್ರಫುಲ್ಲಾ ಚಿತ್ರ ನೋಡಿದಳು, ಮಗಳ ಹುಬ್ಬು ನೋಡಿದಳು. ಅಲ್ಲಿ ಹೊಲಿಗೆ ಹಾಕುವಾಗ ಕೈ ಹಿಡಿದುಕೊಂಡು ಕೂತವಳು ತಾನೇ. ಹುಡುಗಿ ಒಮ್ಮೆಯೂ ಅತ್ತಿರಲಿಲ್ಲ.

"ಇದು ಯಾರ ಮಗಳು ವಸಂತಣ್ಣ?"

"ಎಂತ ಹೇಳ್ತೀರಿ ನೀವು? ಚೀಫ್ ಗೆಸ್ಟ್ ಈಗ ಬರ್ತಾರೆ. ಮೊಳೆ ಹೊಡೆದಾಗಿದೆ, ತೂಗುಹಾಕಿ."

ಪ್ರಫುಲ್ಲಾ ಮಗಳ ಚೌಕಟ್ಟನ್ನು ಮುಖ ಗೋಡೆಯ ಕಡೆಗೆ ಮಾಡಿ ಒರಗಿಸಿದಳು. ಜಾನ್ಸನ್‌ನನ್ನೂ, ಅಲಿಯನ್ನೂ ಹಾಗೆಯೇ.

"ಗೋಡೆ ಖಾಲಿ ಬಿಡುವುದಾ ಹಾಗಾದ್ರೆ?"

"ಬಿಡಿ. ನಾನಂತೂ ಹಾಕುವುದಿಲ್ಲ. ಆಲ್ಬಮ್ಮಿಗೂ ಕೊಡುವುದಿಲ್ಲ."