ಗೋಡೆಯ ನಕ್ಷೆಯ ಮೇಲೆ ಸುರಿದ ನೀರು

ನನ್ನ ತಮ್ಮ ಗೋಡೆಗೆ ತೂಗುಹಾಕಿದ್ದ ನಕ್ಷೆಯ ಮೇಲೆ ಒಂದು ಲೋಟ ನೀರು ಸುರಿದ. ನೀರು ಸರ್ರನೆ ಇಳಿದು ನೆಲಕ್ಕೆ ಬಿತ್ತು. ಅವನು ಕ್ಯಾಮೆರಾ ಕಡೆ ತಿರುಗಿ ಹಲ್ಲುಕಿರಿದ.

"ನೋಡಿದ್ರಾ ಮಕ್ಕಳೇ? ನಕ್ಷೇಲಿ ಉತ್ತರ ಮೇಲಿರುತ್ತೆ, ದಕ್ಷಿಣ ಕೆಳಗಿರುತ್ತೆ. ಅದಕ್ಕೇ ನದಿಗಳೆಲ್ಲ ಉತ್ತರದಿಂದ ದಕ್ಷಿಣಕ್ಕೇ ಹರಿಯೋದು. ಇನ್ನು ಜನ್ಮದಲ್ಲಿ ಮರೆಯಲ್ಲ!"

ಸ್ಟಾಫ್ ರೂಮಿನಲ್ಲಿ ಕೂತು ಈ ವಿಡಿಯೊ ನೋಡುತ್ತಿದ್ದ ನನಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. ಇಷ್ಟು ವರ್ಷ ಭೂಗೋಳ ಕಲಿಸಿದ್ದೇನೆ. ದಡ್ಡತನ ನೋಡಿಲ್ಲವೆಂದಲ್ಲ. ಆದರೆ ಇಷ್ಟು ಚೆನ್ನಾಗಿ ಲೈಟು ಹಾಕಿ, ಸಂಗೀತ ಹಾಕಿ, ಊರಿಗೆಲ್ಲ ಹಂಚುವ ದಡ್ಡತನವನ್ನು ನೋಡಿದ್ದು ಅವತ್ತೇ.

ಅದು ಬರೀ ಅವನ ಚಾನೆಲ್ಲಿನಲ್ಲಿ ಬಿದ್ದಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆನೇನೋ. ಅದು ನಮ್ಮ ಶಾಲೆಯ ವೆಬ್‌ಸೈಟಿನಲ್ಲಿತ್ತು. ಭೂಗೋಳದ ಮಕ್ಕಳಿಗೆ ಉಪಯೋಗವಾಗುವಂಥದ್ದನ್ನೆಲ್ಲ ಒಂದು ಪುಟಕ್ಕೆ ಹಾಕಿ ಎಂದು ಹೆಡ್‌ಮಾಸ್ಟರು ಹೇಳಿದ್ದರಿಂದ ರಜೆಯೆಲ್ಲ ಕೂತು ಹುಡುಕಿದ್ದೆ. ಒಂದೇ ಜಾಗದ ಹಳೆಯ, ಹೊಸ ಉಪಗ್ರಹ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ತಾಣ, ಹವಾಮಾನ ಇಲಾಖೆಯ ದಿನದಿನದ ನಕ್ಷೆ, ದೇಶಗಳನ್ನು ಜೋಡಿಸುವ ಆಟ, ನದಿದಡದ ಜನ ತಮ್ಮ ಬದುಕಿನ ಬಗ್ಗೆ ತಾವೇ ಮಾತಾಡುವ ರೇಡಿಯೊ ಸರಣಿ. ಅಷ್ಟರ ನೆತ್ತಿಯ ಮೇಲೆ ಹೆಡ್‌ಮಾಸ್ಟರು ನನ್ನ ತಮ್ಮನನ್ನು ತಂದು ಕೂರಿಸಿದ್ದರು. ನೇರ ಅವರ ಕೋಣೆಗೇ ಹೋಗಿ ಕೇಳಿದೆ.

"ನಿಮ್ಮದೆಲ್ಲ ಒಳ್ಳೇದೇ ಮೇಡಂ, ಆದ್ರೆ ಸಪ್ಪೆ. ಮಕ್ಕಳು ನೋಡೋದು ಇದನ್ನೇ."

"ಅದರಲ್ಲಿರೋದು ತಪ್ಪು ಸರ್. ನದಿ ಎತ್ತರದಿಂದ ತಗ್ಗಿಗೆ ಹರಿಯುತ್ತೆ, ತಗ್ಗು ಯಾವ ದಿಕ್ಕಿಗಾದ್ರೂ ಇರಬಹುದು."

"ನಿಮ್ಮ ಮನೆ ಜಗಳಾನ ಸ್ಕೂಲಿಗೆ ತರಬೇಡಿ," ಎಂದುಬಿಟ್ಟರು. ಮೈಯೆಲ್ಲ ಉರಿದುಹೋಯಿತು.

ಮುಂದಿನ ಕಿರುಪರೀಕ್ಷೆಯಲ್ಲಿ ಅರ್ಧ ತರಗತಿ ಲೋಟದ ನೀರಿನ ಉತ್ತರವನ್ನೇ ಬರೆದಿತ್ತು. ನಾನು ಬೋರ್ಡಿನ ಮುಂದೆ ಗಂಟಲು ಹರಿದುಕೊಂಡು ಕಲಿಸಿದ್ದೆಲ್ಲ ನೀರುಪಾಲು.

ಅವತ್ತು ಸಂಜೆಯೇ ತಮ್ಮನ ಮನೆಗೆ ನುಗ್ಗಿದೆ. ಮಲಗುವ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡಿದ್ದ. ಮಂಚ ಗೋಡೆಗೆ ಒರಗಿ ನಿಂತಿತ್ತು, ಬಟ್ಟೆಯ ರಾಶಿಯನ್ನು ಹಸಿರು ಪರದೆ ಮುಚ್ಚಿತ್ತು.

"ಆ ವಿಡಿಯೊ ತೆಗಿ."

"ನನ್ನ ಚಾನೆಲ್ಲಲ್ಲಿ ಓಡ್ತಿರೋದೇ ಅದೊಂದು, ಅಕ್ಕ. ಸಾವಿರಾರು ಜನ ನೋಡಿದಾರೆ. ಒಬ್ಬರಾದ್ರೂ ತಪ್ಪು ಅಂದ್ರಾ?"

"ನಾನು ಅಂತಿದೀನಲ್ಲೋ!"

"ನಿನಗೆ ಹೊಟ್ಟೆಕಿಚ್ಚು."

ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಅಷ್ಟರಲ್ಲಿ ಅವನ ಮಗಳು ಪುಟ್ಟಿ ಬಾಗಿಲಲ್ಲಿ ಬಂದು ನಿಂತಳು. ನನ್ನ ತರಗತಿಯವಳೇ. "ಅಪ್ಪನ ವಿಡಿಯೊ ನಮ್ಮ ಕ್ಲಾಸಲ್ಲಿ ಎಲ್ರೂ ನೋಡ್ತಾರೆ ಅತ್ತೆ," ಎಂದಳು. ಮುಖ ಊರಗಲ ಅರಳಿತ್ತು. ಆ ಮುಖದೆದುರು ನಾನು ಬಾಯಿ ಮುಚ್ಚಿಕೊಂಡು ಹೊರಟುಬಂದೆ.

ತಿಂಗಳು ಕಳೆದ ಮೇಲೆ ಮಕ್ಕಳನ್ನು ಜಲಾಶಯದ ಹಿಂದಿನ ಕಾಡಿಗೆ ಪ್ರವಾಸ ಕರೆದೊಯ್ದೆವು. ಮೋಡ ಕವಿದಿತ್ತು, ಸೂರ್ಯ ಯಾವ ಕಡೆಯೆಂದು ಗೊತ್ತಾಗುತ್ತಿರಲಿಲ್ಲ. ಹೊರಡುವ ಹೊತ್ತಿಗೆ ತಲೆ ಎಣಿಸಿದರೆ ಮೂರು ಹುಡುಗಿಯರಿಲ್ಲ. ಪುಟ್ಟಿ ಮತ್ತು ಅವಳ ಇಬ್ಬರು ಗೆಳತಿಯರು.

ಹೆಸರು ಹಿಡಿದು ಕೂಗಿದೆವು. ನಾವೆಲ್ಲ ಬಸ್ಸಿದ್ದ ದಕ್ಷಿಣದ ಕಡೆಯಲ್ಲೇ ಹುಡುಕಿದೆವು. ಬುದ್ಧಿಯಿರುವ ಮಕ್ಕಳು ಬಸ್ಸಿನ ಕಡೆಗೇ ತಾನೇ ಬರುವುದು? ಕೊನೆಗೆ ಕಾಡಿನ ಕಾವಲುಗಾರನಿಗೆ ಅವರು ಸಿಕ್ಕಿದ್ದು ಉತ್ತರದಲ್ಲಿ, ಹಳ್ಳ ಜಲಾಶಯಕ್ಕೆ ಸೇರುವ ಕೆಸರಿನಲ್ಲಿ. ಪುಟ್ಟಿ ಸೊಂಟದವರೆಗೆ ಹೂತಿದ್ದಳು. ಉಳಿದಿಬ್ಬರು ಅವಳ ಕೈ ಹಿಡಿದು ಜಗ್ಗುತ್ತ ಅಳುತ್ತಿದ್ದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೋ, ಅದನ್ನು ನೆನೆಯಲೂ ನನಗೆ ಧೈರ್ಯವಿಲ್ಲ.

ಬಸ್ಸು ಶಾಲೆಗೆ ಬಂದಾಗ, ಸುದ್ದಿ ತಿಳಿದಿದ್ದ ನನ್ನ ತಮ್ಮ ಗೇಟಿನಲ್ಲೇ ಕಾಯುತ್ತಿದ್ದ. ಮಗಳನ್ನು ಬಾಚಿ ತಬ್ಬಿಕೊಂಡವನು ಮರುಕ್ಷಣವೇ ಎಲ್ಲರ ಮುಂದೆ ನನ್ನ ಮೇಲೆ ಹರಿಹಾಯ್ದ.

"ಭೂಗೋಳದ ಟೀಚರಂತೆ! ಮಕ್ಕಳಿಗೆ ದಿಕ್ಕು ಯಾವುದು ಅಂತ ಕಲಿಸಕ್ಕೂ ಬರಲ್ವಾ ನಿಂಗೆ?"

ಹೆಡ್‌ಮಾಸ್ಟರು ನೆಲ ನೋಡುತ್ತ ನಿಂತರು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟಿ ಅವನ ಶರ್ಟು ಹಿಡಿದು ಎಳೆದಳು.

"ಅತ್ತೇನ ಬೈಬೇಡಪ್ಪಾ. ಬಸ್ಸು ದಕ್ಷಿಣಕ್ಕಿದೆ ಅಂತ ಅತ್ತೆ ಮೊದಲೇ ಹೇಳಿದ್ರು. ದಾರಿ ತಪ್ಪಿದಾಗ ಹಳ್ಳ ಸಿಕ್ತು. ನೀರು ಹೋಗೋ ಕಡೆ ಹೋದ್ರೆ ದಕ್ಷಿಣ ಸಿಗುತ್ತಲ್ಲ, ಅದಕ್ಕೆ ನಾನೇ ಅವರಿಬ್ಬರನ್ನೂ ಕರ್ಕೊಂಡು ಹೋದೆ. ಬೇಡ ಕಣೇ ಅಂದ್ರು. ನಮ್ಮಪ್ಪ ಹೇಳಿದಾರೆ ಬನ್ರೇ ಅಂದೆ."

ತಮ್ಮನ ಮುಖ ಬಿಳಿಚಿಕೊಂಡಿತು. ಗೆಳತಿಯರ ಅಪ್ಪ ಅಮ್ಮಂದಿರು ಅಲ್ಲೇ ಇದ್ದರು. ಅವನು ಮಗಳ ಲಂಗದ ಕೆಸರು ಒರೆಸಲು ಹೋದ, ಅದು ಆಗಲೇ ಗಟ್ಟಿಯಾಗಿತ್ತು.

"ಅಪ್ಪಾ," ಎಂದಳು ಅವಳು, "ಆ ವಿಡಿಯೊನ ಅಷ್ಟೊಂದು ಜನ ನೋಡಿದಾರಲ್ಲ, ಅವರೆಲ್ಲ ಅವರವರ ಮನೆ ಸೇರಿದ್ರಾ?"

ಅವನು ಫೋನು ಹೊರತೆಗೆದ. ಯಾವುದನ್ನು ಒತ್ತಬೇಕೆಂದೇ ತಿಳಿಯದೆ ಅದನ್ನು ನನ್ನ ಕಡೆ ಚಾಚಿದ. "ಅಕ್ಕಾ, ಆ ವಿಡಿಯೊ ತೆಗೆದುಬಿಡೇ."

ನಾನು ಕೈ ಚಾಚಲಿಲ್ಲ.

"ನೀನೇ ತೆಗಿ," ಎಂದೆ. "ಅವಳು ನೋಡ್ಲಿ."